ಅರ್ಧರ್ಧದ ಲೆಕ್ಕ ನಾನು ಒಪ್ಪುವುದಿಲ್ಲ

ಗಿಟಾರ್ ಕಲಿತ ಮೇಲೆ ಬೇಸ್‌ಗೆ ಬರುವವರಿಗೆ ನಾನು ಹೇಳುವ ಹಂಚಿಕೆ ಇಷ್ಟೇ: ದಿನಕ್ಕೆ 90 ನಿಮಿಷ ಸಿಕ್ಕರೆ 60 ಬೇಸ್‌ಗೆ, 30 ಗಿಟಾರ್‌ಗೆ. ಇದು ತಪ್ಪೆನ್ನುವ ವಾದಕ ಗೆಳೆಯರು ಹಲವರಿದ್ದಾರೆ. ಅವರ ಮಾತುಗಳನ್ನು ಒಂದೊಂದಾಗಿ ಎತ್ತಿಕೊಳ್ಳುತ್ತೇನೆ.

'ಗಿಟಾರ್ ಬಂದವನಿಗೆ ಬೇಸ್‌ಗೆ ಬೇರೆ ಸಾಧನೆ ಯಾಕೆ? ನಾಲ್ಕೇ ತಂತಿ ತಾನೆ?' ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಮಾತಿದು, ಹೆಚ್ಚು ಹಾನಿ ಮಾಡುವುದೂ ಇದೇ. ಇ, ಎ, ಡಿ, ಜಿ ಎಂಬ ನಾಲ್ಕು ತಂತಿಗಳು ಗಿಟಾರ್‌ನ ದಪ್ಪ ತಂತಿಗಳ ಹೆಸರಿನವೇ, ಒಂದು ಸ್ಥಾಯಿ ಕೆಳಗಿನವು, ನಿಜ. ಸ್ವರಗಳ ಜಾಗ ಪುಕ್ಕಟೆ ಸಿಗುತ್ತದೆ. ಕೈ ಮಾತ್ರ ಸಿಗುವುದಿಲ್ಲ. 1951ರಲ್ಲಿ ಬಂದ ಫೆಂಡರ್ ಪ್ರಿಸಿಶನ್ ಬೇಸ್‌ನ ತಂತಿ 34 ಇಂಚು ಉದ್ದ, ಅದೇ ಕಂಪನಿಯ ಸ್ಟ್ರಾಟೊಕಾಸ್ಟರ್ ಗಿಟಾರ್‌ನದು 25.5. ಮೊದಲ ಫ್ರೆಟ್‌ನ ಅಗಲ ಗಿಟಾರ್‌ನಲ್ಲಿ ಸುಮಾರು 36 ಮಿಲಿಮೀಟರ್, ಬೇಸ್‌ನಲ್ಲಿ 48. ನಾಲ್ಕು ಬೆರಳು ನಾಲ್ಕು ಫ್ರೆಟ್‌ಗೆ ಎಂಬ ಗಿಟಾರ್ ಪಾಠ ಅಲ್ಲಿ ಕೈಯನ್ನು ನೋಯಿಸುತ್ತದೆ.

ಅದಕ್ಕಿಂತ ದೊಡ್ಡದು ಮೌನ. ಬೇಸ್‌ನಲ್ಲಿ ಒತ್ತದೆ ಬಿಟ್ಟ ತಂತಿ ಹಾಡಿನ ಅಡಿಯಲ್ಲಿ ಗುಂಯ್‌ಗುಡುತ್ತಲೇ ಇರುತ್ತದೆ. ಎರಡೂ ಕೈಗಳ ಅರ್ಧ ಕೆಲಸ ಅದನ್ನು ತಡೆಯುವುದು. ಸ್ವರ ಎಲ್ಲಿ ಹುಟ್ಟಬೇಕೆಂಬುದು ಗಿಟಾರ್ ಕಲಿತವನಿಗೆ ಗೊತ್ತು, ಎಲ್ಲಿ ಸಾಯಬೇಕೆಂಬುದನ್ನು ಹೊಸದಾಗಿ ಕಲಿಯಬೇಕು. ಸ್ನೇರ್ ಡ್ರಮ್‌ನ ಏಟು ಬೀಳುವ ಕ್ಷಣಕ್ಕೇ ನನ್ನ ಸ್ವರ ನಿಲ್ಲುವಂತಾಗಲು ಮೆಟ್ರೊನೋಮ್ ಮುಂದೆ ತಿಂಗಳುಗಟ್ಟಲೆ ಕೂತಿದ್ದೇನೆ.

ಬೇರೆ ಸಾಧನೆ ಬೇಡವೆನ್ನುವವರು ಕ್ಯಾರಲ್ ಕೇಯ ಉದಾಹರಣೆ ಕೊಡುತ್ತಾರೆ. ಗಿಟಾರ್ ವಾದಕಿಯಾಗಿದ್ದ ಆಕೆ 1963ರಲ್ಲಿ, ಲಾಸ್ ಏಂಜಲೀಸಿನ ಸ್ಟುಡಿಯೊಗೆ ಬೇಸ್ ವಾದಕ ಬಾರದೆ ಹೋದ ದಿನ ಬೇಸ್ ಎತ್ತಿಕೊಂಡರು. ಆ ಒಂದು ದಿನವನ್ನು ಎಲ್ಲರೂ ನೆನೆಯುತ್ತಾರೆ. ಆಮೇಲೆ ವರ್ಷಗಟ್ಟಲೆ ರೆಕಾರ್ಡಿಂಗ್‌ಗಳಲ್ಲಿ ಆಕೆ ಬೇಸ್ ಹಿಡಿದೇ ಕೂತದ್ದನ್ನು ಯಾರೂ ಹೇಳುವುದಿಲ್ಲ.

'ಎರಡು ದೋಣಿಯಲ್ಲಿ ಕಾಲಿಡಬೇಡ, ಒಂದನ್ನು ಬಿಡು' ಎನ್ನುವವರು ಇನ್ನೊಂದು ಬಣ. ಆದರೆ ಒಂದು ಇನ್ನೊಂದಕ್ಕೆ ನೆರವಾಗುತ್ತದೆ: ಗಿಟಾರ್‌ನಲ್ಲಿ ಕಾರ್ಡ್ ಹಿಡಿದು ಹಾಡಿನ ಒಡಲನ್ನು ಕೇಳಿದವನ ಬೇಸ್, ಮುಂದಿನ ಕಾರ್ಡ್‌ಗೆ ದಾರಿ ಮಾಡಿಕೊಡುತ್ತದೆ. ಪಾಲ್ ಮೆಕಾರ್ಟ್ನಿ ಬೀಟಲ್ಸ್‌ನ ಬೇಸ್ ವಾದಕನಾಗಿದ್ದುಕೊಂಡೇ 1966ರ 'ಟ್ಯಾಕ್ಸ್‌ಮನ್' ಹಾಡಿನ ಗಿಟಾರ್ ಸೋಲೊ ನುಡಿಸಿದವರು. ಅವರು ಯಾವ ದೋಣಿಯಿಂದ ಬಿದ್ದರು?

ಸಮಪಾಲೇ ನ್ಯಾಯ ಎನ್ನುವವರಿಗೆ: ಹತ್ತು ವರ್ಷ ನುಡಿಸಿದ ವಾದ್ಯಕ್ಕೂ ಹತ್ತು ತಿಂಗಳ ವಾದ್ಯಕ್ಕೂ ಹಸಿವು ಒಂದೇ ಅಲ್ಲ. ಒಂದು ವಾರ ಇದು, ಒಂದು ವಾರ ಅದು ಎಂಬ ಸಲಹೆಯಂತೂ ಬೇಡವೇ ಬೇಡ. ವಾರ ಬಿಟ್ಟ ಬೇಸ್ ಮೊದಲೆರಡು ದಿನ ಬೆರಳು ಸುಡುತ್ತದೆ.

ದಪ್ಪ ತಂತಿಯಿಂದ ಗಿಟಾರ್ ಕೈ ಒರಟಾಗುತ್ತದೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಬೇಸ್ ಮುಗಿಸಿ ತಕ್ಷಣ ಗಿಟಾರ್ ಹಿಡಿದರೆ ತಂತಿ ಎಳೆಯುವಾಗ ಬೆರಳು ಬಲ ಮೀರಿ ಸ್ವರ ಮೇಲೆ ಹಾರುತ್ತದೆ, ನನಗೂ ಆಗಿದೆ. ಅದಕ್ಕೇ ಗಿಟಾರ್ ಮೊದಲು, ನಡುವೆ ಹತ್ತು ನಿಮಿಷ ಬಿಡುವು, ಆಮೇಲೆ ಬೇಸ್. ಮಣಿಕಟ್ಟು ನೋವೆಂದರೆ ಅಂದಿಗೆ ಅಲ್ಲಿಗೇ ನಿಲ್ಲಿಸಬೇಕು. ವಾದ್ಯಗೋಷ್ಠಿಯಲ್ಲಿ ಗಿಟಾರ್ ನುಡಿಸುವುದಿದ್ದರೆ ಆ ವಾರ ಲೆಕ್ಕ ತಿರುಗುಮುರುಗಾಗಲಿ, ಆಗಲೂ ಬೇಸ್‌ಗೆ ದಿನಕ್ಕೆ ಕನಿಷ್ಠ ಹದಿನೈದು ನಿಮಿಷ ಇರಲೇಬೇಕು.