ಬಲೆ ನಿಂತಿತು, ಕೆರೆ ಉಳಿಯಲಿಲ್ಲ

ಬೇಸಿಗೆಯಲ್ಲಿ ಕೋಲಾರ ಜಿಲ್ಲೆಯ ಮಾಲೂರಿನಿಂದ ಶಿವಾರಪಟ್ಟಣದ ಕಡೆಗೆ ಹೊರಟರೆ ಕೆರೆಮಣ್ಣು ಹೇರಿಕೊಂಡು ಇಟ್ಟಿಗೆ ಗೂಡಿಗೆ ಹೋಗುವ ಟಿಪ್ಪರುಗಳು ಎದುರಾಗುತ್ತವೆ. ಹೂಳೆತ್ತುವುದು ಒಳ್ಳೆಯ ಕೆಲಸ. ಹಿಂದೆ ರೈತರೂ ಗಾಡಿಯಲ್ಲಿ ಗೋಡು ಹೊಡೆದು ಹೊಲಕ್ಕೆ ಹಾಕುತ್ತಿದ್ದರು. ಕೆರೆಯ ತಳ ತಟ್ಟೆಯಂತೆ ಹರವಾಗಿಯೇ ಉಳಿಯುತ್ತಿತ್ತು. ಈಗ ಜೆಸಿಬಿ ಬಗೆಯುತ್ತಿರುವುದು ಹೂಳನ್ನಲ್ಲ, ಅದರಡಿಯ ಜೇಡಿಮಣ್ಣನ್ನು. ಉಳಿಯುವುದು ಕಡಿದಾದ ಗುಂಡಿಗಳು. ಅವು ಮಕ್ಕಳಿಗೂ ದನಗಳಿಗೂ ಅಪಾಯ. ಹಕ್ಕಿಗಳಿಗಂತೂ ಅಲ್ಲಿ ಕಾಲೂರಲು ಜಾಗವಿಲ್ಲ.

ನೀರಿದ್ದ ಮಾತ್ರಕ್ಕೆ ನೀರುಹಕ್ಕಿ ಬರುವುದಿಲ್ಲ. ಉಲ್ಲಂಕಿಗೆ ಬೇಕಾದದ್ದು ಬೆರಳುದ್ದದ ನೀರು, ಕೊಕ್ಕು ಇಳಿಯುವಷ್ಟು ಮೆತ್ತನೆಯ ಕೆಸರು. ಜಂಬುಕೋಳಿಗೆ ಜೊಂಡು ಬೇಕು, ದೇವನಕ್ಕಿಗೆ ತೇಲುವ ಎಲೆ ಬೇಕು. ಕೋಲಾರದ ಕೆರೆಗಳು ಹಿಂಗಾರಿನಲ್ಲಿ ತುಂಬಿ, ಸಂಕ್ರಾಂತಿ ಕಳೆದಂತೆ ಅಂಚಿನಿಂದ ಒಳಕ್ಕೆ ಸರಿಯುತ್ತ, ದಿನಕ್ಕಿಷ್ಟು ಹೊಸ ಕೆಸರನ್ನು ಬಿಟ್ಟುಕೊಡುತ್ತಿದ್ದವು. ಉತ್ತರದಿಂದ ಚಳಿಗಾಲಕ್ಕೆ ಬಂದ ಹಕ್ಕಿಗಳಿಗೆ ಆ ಕೆಸರೇ ಉಗ್ರಾಣ. ಇದನ್ನು ಅಧಿಕಾರಿಗಳಿಗಿಂತ ಚೆನ್ನಾಗಿ ಬಲ್ಲವನು ಬಲೆ ಹಾಸುತ್ತಿದ್ದವನು. ಯಾವ ತಿಂಗಳು, ಯಾವ ಅಂಚು, ಎಷ್ಟು ನೀರು ಎಂಬುದು ತಪ್ಪಿದರೆ ಅವನ ಮನೆಯಲ್ಲಿ ಒಲೆ ಹೊತ್ತುತ್ತಿರಲಿಲ್ಲ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವನ ಬಲೆಯನ್ನು ಕಿತ್ತುಕೊಂಡಿತು. ಅದು ಸರಿಯೇ, ಆ ಬಲೆ ಮತ್ತೆ ಬರಬೇಕೆಂದು ನಾವು ಕೇಳುತ್ತಿಲ್ಲ. ಆದರೆ ಅವನ ತಿಳಿವಳಿಕೆಗೆ ಕೆಲಸ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಹಕ್ಕಿ ಹಿಡಿಯುತ್ತಿದ್ದ, ಹೆಸರಿನಲ್ಲೇ ಹಕ್ಕಿಯನ್ನಿಟ್ಟುಕೊಂಡ ಹಕ್ಕಿಪಿಕ್ಕಿ ಜನ ಗಿಡಮೂಲಿಕೆ, ಎಣ್ಣೆ ಮಾರುತ್ತ ಆಫ್ರಿಕಾದವರೆಗೆ ಹೋಗಬೇಕಾಯಿತು. 2023ರ ಏಪ್ರಿಲ್‌ನಲ್ಲಿ ಸುಡಾನಿನ ಕಾಳಗದ ನಡುವೆ ಅವರು ಸಿಕ್ಕಿಕೊಂಡಾಗಲಷ್ಟೇ ನಾಡಿಗೆ ಅವರ ನೆನಪಾದದ್ದು.

ಬೇಟೆಗಾರರಿಂದ ಕೆರೆಕಟ್ಟೆ ಉಳಿದ ಉದಾಹರಣೆ ಹೊರಗೆ ಬೇಕಾದಷ್ಟಿದೆ. ಅಮೆರಿಕದಲ್ಲಿ 1934ರಿಂದ ಬಾತು ಬೇಟೆಯಾಡುವವರು ವರ್ಷವರ್ಷ ಅಂಚೆಚೀಟಿಯಂಥ ಒಂದು ಪರವಾನಗಿ ಚೀಟಿ ಕೊಳ್ಳಲೇಬೇಕು. ಆ ಹಣದಿಂದ ಈವರೆಗೆ ಸುಮಾರು 60 ಲಕ್ಷ ಎಕರೆ ಜೌಗುನೆಲ, ಹುಲ್ಲುಗಾವಲು ಉಳಿದಿದೆ. ನಮ್ಮದೇ ಭರತಪುರದಲ್ಲಿ ನೀರು ನಿಲ್ಲಿಸಿದ್ದು ಬೇಟೆಗಾಗಿ. 1938ರಲ್ಲಿ ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನ 4,273 ಹಕ್ಕಿಗಳನ್ನು ಕೊಂದರು. ಆ ಕ್ರೌರ್ಯವನ್ನು ಮೆಚ್ಚಬೇಕಿಲ್ಲ. ಆದರೆ ಆ ನೀರುನೆಲವೇ ಇಂದು ಕೇವಲಾದೇವ ರಾಷ್ಟ್ರೀಯ ಉದ್ಯಾನ. ನಮಗೆ ಇನ್ನೂ ಹತ್ತಿರದ ಪಾಠ ಒಡಿಶಾದ ಚಿಲಿಕಾ ದಂಡೆಯ ಮಂಗಲಾಜೋಡಿ. ಹಕ್ಕಿ ಕೊಂದು ಮಾರುತ್ತಿದ್ದವರೇ 2000ದ ಹೊತ್ತಿಗೆ ಸಮಿತಿ ಕಟ್ಟಿಕೊಂಡು ಕಾವಲುಗಾರರಾದರು, ದೋಣಿ ನಡೆಸಿ ಪ್ರವಾಸಿಗರಿಗೆ ಹಕ್ಕಿ ತೋರಿಸುವವರಾದರು. ಕೆಲವೇ ಸಾವಿರಕ್ಕಿಳಿದಿದ್ದ ಹಕ್ಕಿಗಳು ಲಕ್ಷಗಟ್ಟಲೆಯಾಗಿ ಮರಳಿದವು.

ಇಲ್ಲಿ ಮಾತ್ರ ಉರುಲು ಒಡ್ಡಿದವನ ಮೇಲೆ ಕೇಸು, ಕೆರೆಯನ್ನೇ ಬಗೆದವನಿಗೆ ರಹದಾರಿ. 2017ರ ಜೌಗುಪ್ರದೇಶ ನಿಯಮಗಳು ನೀರಾವರಿಗೆಂದೇ ಕಟ್ಟಿದ ಜಲಾಶಯಗಳನ್ನು ತಮ್ಮ ವ್ಯಾಖ್ಯೆಯಿಂದ ಹೊರಗಿಟ್ಟಿವೆ. ವರ್ಷವಿಡೀ ಹರಿಯುವ ನದಿಯಿಲ್ಲದ ಕೋಲಾರದಲ್ಲಿ ಬಹುಪಾಲು ಕೆರೆಗಳು ಹಿರಿಯರು ಬೆಳೆಗೆಂದು ಕಟ್ಟಿದವೇ. ಹಾಗಾದರೆ ಕಾನೂನಿನ ಕಣ್ಣಿಗೆ ಈ ಜಿಲ್ಲೆಯಲ್ಲಿ ಕಾಯಬೇಕಾದ ಜೌಗು ಎಷ್ಟು ಉಳಿಯಿತು? ಆದರೆ ರಾಜ್ಯದ ಬೇರೆಡೆ ಊರ ಕೆರೆಗಳೇ ಆದ ಅಂಕಸಮುದ್ರ, ಮಾಗಡಿ ಕೆರೆಗಳು 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುಗಳ ರಾಮ್ಸಾರ್ ಪಟ್ಟಿ ಸೇರಿವೆ. ಮನಸ್ಸಿದ್ದಲ್ಲಿ ದಾರಿ ಸಿಕ್ಕಿದೆ.

ಕೆಸಿ ವ್ಯಾಲಿ ಯೋಜನೆಯಡಿ ಬೆಂಗಳೂರಿನಿಂದ ಹರಿಸಿದ ನೀರು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂದಾಗ ಜಿಲ್ಲೆ ಹಿಗ್ಗಿತು. ಬತ್ತಿದ ಕೊಳವೆಬಾವಿಗಳಲ್ಲಿ ನೀರು ಕಂಡ ರೈತನ ಸಂತೋಷವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಬೆಂಗಳೂರಿನ ಚರಂಡಿ ನೀರನ್ನು ಎರಡೇ ಹಂತದಲ್ಲಿ ಶುದ್ಧೀಕರಿಸಿ ಬಿಡಲಾಗುತ್ತಿದೆ. ನೀರು ಬಂದ ಮರುತಿಂಗಳೇ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು. ಅದಲ್ಲದೆ, ನೀರು ವರ್ಷವಿಡೀ ಅಂಚಿನವರೆಗೂ ನಿಂತರೆ ಹಕ್ಕಿಗಳಿಗೆ ಬೇಕಾದ ಕೆಸರು ತೆರೆದುಕೊಳ್ಳುವ ಕಾಲವೇ ಇಲ್ಲ.

ಕೆರೆಮಣ್ಣಿನ ಪ್ರತಿ ಲೋಡಿನ ಮೇಲೆ ಶುಲ್ಕ ಹಾಕಿ, ಆ ಹಣವನ್ನು ಆಯಾ ಕೆರೆಯ ಕಾವಲಿಗೇ ಕಟ್ಟಿಡಬೇಕು. ಕೆರೆನೀರು ಹಂಚುತ್ತಿದ್ದ ನೀರಗಂಟಿಯ ಹುದ್ದೆಯನ್ನು ಮತ್ತೆ ಜೀವಂತಗೊಳಿಸಿ, ಅವನ ಜೊತೆಗೆ ಹಕ್ಕಿ ಬಲ್ಲ ಮನೆತನಗಳವರನ್ನು ಸಂಬಳ ಕೊಟ್ಟು ಕಾವಲಿಗೆ ನೇಮಿಸಬೇಕು. ಜನವರಿಯ ನೀರುಹಕ್ಕಿ ಗಣತಿಯಲ್ಲಿ ದಾರಿ ತೋರಿಸಬೇಕಾದವರೂ ಅವರೇ. ಹೂಳೆತ್ತುವ ಆಳ ಎಷ್ಟು, ಯಾವ ದಂಡೆಯನ್ನು ಮುಟ್ಟಬಾರದು ಎಂಬುದನ್ನು ಸಣ್ಣ ನೀರಾವರಿ ಇಲಾಖೆ ಟೆಂಡರಿನಲ್ಲೇ ಬರೆಯಲಿ. ಮಾಲೂರು ತಾಲ್ಲೂಕಿನ ಕೆರೆಗಳ ಗಡಿ ಅಳತೆ ಮುಗಿಯುವ ತನಕ ಶಿವಾರಪಟ್ಟಣದ ಸುತ್ತ ಒಂದು ಲೋಡು ಮಣ್ಣೂ ಮೇಲೇಳದಂತೆ ಜಿಲ್ಲಾಧಿಕಾರಿಗಳು ಈ ಬೇಸಿಗೆಗೆ ಮೊದಲೇ ಆದೇಶ ಹೊರಡಿಸಬೇಕು.