ದನಕ್ಕೊಂದು ನ್ಯಾಯ, ಅಕ್ಕನಿಗೊಂದು ನ್ಯಾಯ (ಭಾಗ 3)

ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ದನಕ್ಕೆ ಕೆಚ್ಚಲುಬಾವು ಬಂದ್ರೆ ಕೂಡಲೇ ಡಾಕ್ಟರಿಗೆ ಫೋನ್. ಹಾಲು ಕೆಚ್ಚಲಲ್ಲೇ ನಿಲ್ಲಲಿಕ್ಕೆ ಬಿಡುದಿಲ್ಲ, ಹಿಂಡಿ ತೆಗೀತೇವೆ. ಅವಳಿ ಮಕ್ಕಳ ತಾಯಿ ನನ್ನ ಅಕ್ಕನಿಗೆ ಎದೆ ಬಾತು ಚಳಿಜ್ವರ ಬಂದಾಗ ಮಾತ್ರ ಎಲ್ಲರದ್ದೂ ಒಂದೇ ಮಾತು: "ಹಾಲು ಕೊಡ್ಬೇಡ, ಮಕ್ಕಳಿಗೆ ನಂಜು."

ತಪ್ಪು ಮಾರ್ರೆ! ಆ ಹಾಲು ಮಕ್ಕಳಿಗೆ ನಂಜಲ್ಲ. ಕುಡಿಸುದು ಒಮ್ಮೆಲೇ ನಿಲ್ಲಿಸಿದ್ರೇ ಬಾವು ಜೋರಾಗುದು, ಹಾಲು ಬತ್ತುದು.

ಕಮ್ಮಿಯಾದ ಹಾಲು ವಾಪಸ್ ಬರ್ತದೆ. ಡಾಕ್ಟರ್ ಕೊಟ್ಟ ಮದ್ದು ಪೂರ್ತಿ ಮುಗಿಸಬೇಕು, ಒಂದೊಂದು ಮಗುವಿಗೂ ದಿನಕ್ಕೆ 8–12 ಸಲ ಕುಡಿಸಬೇಕು. ತೂಕ ಏರದಿದ್ರೆ ಡಾಕ್ಟರ್ ಹೇಳಿದಷ್ಟು ಮೇಲುಹಾಲು ಕೊಡುದು ಸೋಲಲ್ಲ.

ನಾಳೆ ನೀವೂ ಮಾವ, ಚಿಕ್ಕಮ್ಮ, ಅಪ್ಪ ಆಗುವವರೇ. "ಹಾಲು ಸಾಕಾಗ್ತದಾ?" ಅಂತ ಕೇಳ್ಬೇಡಿ. ಒಂದು ಮಗುವನ್ನು ಎತ್ತಿಕೊಳ್ಳಿ, ಬಟ್ಟೆ ಒಗೆಯಿರಿ, ಅವಳನ್ನು ಮಲಗಲಿಕ್ಕೆ ಬಿಡಿ.

#ಎದೆಹಾಲು #ಬಾಣಂತಿ #ಅವಳಿಮಕ್ಕಳು