ಅಜ್ಜಿಗೆ ಕೇಳಿಸಿದ ಸದ್ದು

ಮಕ್ಕಳೇ, ಈ ವಾರ ನನ್ನದೇ ಒಂದು ತಪ್ಪಿನ ಲೆಕ್ಕ ಒಪ್ಪಿಸುತ್ತೇನೆ.

ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನಲ್ಲಿ 40 ಮನೆ. ಬ್ಯಾಂಕಿನಲ್ಲಿದ್ದವರಿಗೆ ಲೆಕ್ಕ ಗೊತ್ತಿರುತ್ತದೆ ಎಂದು ನನ್ನನ್ನೇ ಸಂಘದ ಕಾರ್ಯದರ್ಶಿ ಮಾಡಿದ್ದಾರೆ. ಕಳೆದ ಬೇಸಿಗೆಯಲ್ಲಿ ನೀರಿನ ಟ್ಯಾಂಕರ್ ಖರ್ಚು ಏರುತ್ತಲೇ ಹೋಯಿತು. ತಿಂಗಳ ವಂತಿಗೆ ಮನೆಗೆ 300 ರೂಪಾಯಿ ಹೆಚ್ಚಾಗಿದೆ ಎಂದು ವಾಟ್ಸಾಪ್ ಗುಂಪಿಗೆ ಒಂದು ಸಾಲು ಹಾಕಿ ಕೈತೊಳೆದುಕೊಂಡೆ. ಅಲ್ಲಿ ಜಗಳವೋ ಜಗಳ. ಕಾರು ತೊಳೆಯುವವರು ಯಾರು, ತೋಟಕ್ಕೆ ಪೈಪು ಹಿಡಿಯುವವರು ಯಾರು ಅಂತ. ನಡುನಡುವೆ ಶುಭೋದಯದ ಗುಲಾಬಿ ಹೂಗಳು ಬೇರೆ!

ಮೂರನೇ ಮಹಡಿಯ ಅಜ್ಜಿಗೆ 82 ವರ್ಷ. ಅವರದು ಗುಂಡಿ ಒತ್ತುವ ಹಳೇ ಫೋನು. ವಂತಿಗೆ ಏರಿದ ಸುದ್ದಿ ಅವರಿಗೆ ತಿಳಿದದ್ದು ನಾನು ಹಣ ಕೇಳಲು ಹೋದಾಗಲೇ. ಪಿಂಚಣಿಯ ನೋಟು ಎಣಿಸಿ ಕೊಡುತ್ತಾ, “ನೀರಿಗೆ ಬರ ಅಂತೀರಿ, ಬಚ್ಚಲ ಕಿಟಕಿ ಪಕ್ಕದ ಪೈಪಿನಲ್ಲಿ ರಾತ್ರಿಯೆಲ್ಲಾ ನೀರು ಹರಿಯೋ ಸದ್ದು. ಅದೇನಪ್ಪಾ?” ಎಂದರು. ಕಾವಲುಗಾರನಿಗೆ ಎರಡು ಸಲ ಹೇಳಿದ್ದರಂತೆ. ಆತ ಕೆಲಸ ಬಿಟ್ಟು ಊರಿಗೆ ಹೋಗಿ ತಿಂಗಳಾಗಿತ್ತು.

ಅದು ತಾರಸಿಯ ಮಳೆನೀರು ಇಳಿಯುವ ಪೈಪು. ಮಳೆಯಿಲ್ಲದ ಏಪ್ರಿಲಿನಲ್ಲಿ ಅದರಲ್ಲೇನು ನೀರು? ಪಕ್ಕದ ಮನೆಯ ಐದನೇ ತರಗತಿ ಹುಡುಗನ ಜೊತೆ ಮೇಲೆ ಹತ್ತಿದೆ. ಟ್ಯಾಂಕ್ ತೊಳೆಯುವಾಗ ಕೊಳೆನೀರು ಬಿಡುತ್ತಾರಲ್ಲ, ಆ ವಾಲ್ವ್ ಸವೆದು ಪೂರ್ತಿ ಮುಚ್ಚುತ್ತಿರಲಿಲ್ಲ. ಹುಡುಗ ಕೆಳಗೋಡಿ ಪೈಪಿನ ಬಾಯಿಗೆ ಒಂದು ಲೀಟರಿನ ಬಾಟಲಿ ಹಿಡಿದ. ಸರಿಯಾಗಿ ಒಂದು ನಿಮಿಷಕ್ಕೆ ತುಂಬಿತು. ನೀವೇ ಗುಣಿಸಿ: ಗಂಟೆಗೆ 60 ಲೀಟರ್, ದಿನಕ್ಕೆ 1,440, ತಿಂಗಳಿಗೆ 43,200. ಅಂದರೆ 6,000 ಲೀಟರಿನ ಏಳು ಟ್ಯಾಂಕರ್ ಚರಂಡಿಗೆ!

1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ಪ್ರಕಾರ ಟ್ಯಾಂಕು, ಮೆಟ್ಟಿಲು, ಲಿಫ್ಟು ಇಂಥವುಗಳಲ್ಲಿ ಎಲ್ಲ ಮಾಲೀಕರಿಗೂ ಪಾಲಿದೆ. ಅಜ್ಜಿಯ ಪಾಲಿನ ನೀರನ್ನು ಚರಂಡಿಗೆ ಬಿಟ್ಟು, ಅದರ ದುಡ್ಡನ್ನೂ ಅವರಿಂದಲೇ ವಸೂಲಿ ಮಾಡುತ್ತಿದ್ದೆ.

ನಮ್ಮ ಕಾಲದ ಬ್ಯಾಂಕಿನಲ್ಲಿ ತಪಾಲು ಪುಸ್ತಕಕ್ಕೆ ಸಹಿ ಬೀಳದೆ ಕಾಗದ ತಲುಪಿತು ಎಂದರೆ ಮ್ಯಾನೇಜರು ಒಪ್ಪುತ್ತಿರಲಿಲ್ಲ. ಅಷ್ಟು ವರ್ಷ ಹಾಗೆ ದುಡಿದವನು ವಾಟ್ಸಾಪಿನ ನೀಲಿ ಗೆರೆ ನಂಬಿ ಕೂತೆ.

ವಾಲ್ವ್ ಬದಲಾಯಿಸಿದೆವು. ವಂತಿಗೆ 200 ರೂಪಾಯಿ ಇಳಿಯಿತು. ಟ್ಯಾಂಕರಿನವರು ದರ ಇಳಿಸದ್ದರಿಂದ ಉಳಿದ ನೂರು ಹಾಗೇ ಇದೆ. ಈಗ ಲಿಫ್ಟಿನ ಬಳಿ ದಾರ ಕಟ್ಟಿದ ಒಂದು ದಪ್ಪ ರಿಜಿಸ್ಟರ್ ತೂಗುತ್ತಿದೆ: ದೂರು, ದಿನಾಂಕ, ಯಾರಿಗೆ ವಹಿಸಿದೆ, ಮುಗಿದ ದಿನ. ಫೋನಿನಲ್ಲಿ ಬಂದ ಸೂಚನೆಯನ್ನು ಅಜ್ಜಿಯ ಮನೆಗೆ ಹೋಗಿ ಓದಿ ಹೇಳುವುದು ಆ ಹುಡುಗನ ಕೆಲಸ. ಕೂಲಿ ಒಂದು ಕೋಡುಬಳೆ.

ಮೊನ್ನೆ ಅಜ್ಜಿ ತಾವೇ ಇಳಿದು ಬಂದು ಬರೆದಿದ್ದಾರೆ: “ನಾಲ್ಕನೇ ಮಹಡಿಯವರ ತುಳಸಿ ಕುಂಡದ ನೀರು ನಮ್ಮ ಒಗೆದ ಬಟ್ಟೆಯ ಮೇಲೆ ಬೀಳುತ್ತಿದೆ.” ನಾಲ್ಕನೇ ಮಹಡಿಯವನು ನಾನೇ. ಮುಗಿದ ದಿನದ ಅಂಕಣ ಇನ್ನೂ ಖಾಲಿ ಇದೆ. ಸಂಜೆ ಅಂಗಡಿಗೆ ಹೋಗಿ ಕುಂಡದ ಅಡಿಗೊಂದು ತಟ್ಟೆ ತರಬೇಕು.